ಹೊಲದಲ್ಲಿ ಪೆಟ್ರೋಲ್ ಬೆಳೆಯಲು ಹೊರಟ ಮೆಲ್ವಿನ್ ಕ್ಯಾಲ್ವಿನ್

ಪಿಯುಸಿಯಲ್ಲಿ ಬಯಾಲಜಿ ತಗೊಂಡವರಿಗೆಲ್ಲ ಕ್ಯಾಲ್ವಿನ್ ಸೈಕಲ್ ಗೊತ್ತು. ಪರೀಕ್ಷೆಗೆ ಅಂತ ಬಾಯಿಪಾಠ ಮಾಡ್ತೀವಿ, ಇಂಜಿನಿಯರಿಂಗ್ ಸೀಟು ಸಿಕ್ಕಿದ ಮೇಲೆ ಮರೆತುಬಿಡ್ತೀವಿ. ಆ ಹೆಸರಿನ ವಿಜ್ಞಾನಿ ತಮ್ಮ ಅರವತ್ತರ ವಯಸ್ಸಿನಲ್ಲಿ ಗಿಡದಿಂದ ಇಂಧನ ತೆಗೀತೀನಿ ಅಂತ ಹೊಲಕ್ಕಿಳಿದ ಕಥೆ ಮಾತ್ರ ನಮ್ಮ ಪಠ್ಯದಲ್ಲಿ ಇರಲಿಲ್ಲ.

ಮೆಲ್ವಿನ್ ಕ್ಯಾಲ್ವಿನ್ ಹುಟ್ಟಿದ್ದು 1911ರ ಏಪ್ರಿಲ್ 8ರಂದು, ಅಮೆರಿಕದ ಮಿನ್ನೆಸೋಟ ರಾಜ್ಯದ ಸೇಂಟ್ ಪಾಲ್‌ನಲ್ಲಿ. ತಂದೆ ತಾಯಿ ರಷ್ಯಾ ಸಾಮ್ರಾಜ್ಯದಿಂದ ವಲಸೆ ಬಂದವರು. ತಂದೆ ಡೆಟ್ರಾಯಿಟ್‌ನಲ್ಲಿ ಕಾರ್ ಮೆಕ್ಯಾನಿಕ್. ಕ್ಯಾಲ್ವಿನ್ ಮಿಶಿಗನ್‌ನ ಗಣಿಗಾರಿಕೆ ಕಾಲೇಜಿಗೆ ಸೇರಿದರು. ಮಹಾ ಆರ್ಥಿಕ ಕುಸಿತದ ದಿನಗಳಲ್ಲಿ ಒಂದು ವರ್ಷ ಓದು ನಿಲ್ಲಿಸಿ, ಹಿತ್ತಾಳೆ ಕಾರ್ಖಾನೆಯಲ್ಲಿ ಕೆಲಸ ಮಾಡಿ, ಮತ್ತೆ ಬಂದು ಪದವಿ ಮುಗಿಸಿದರು. 1935ರಲ್ಲಿ ಮಿನ್ನೆಸೋಟದಲ್ಲಿ ಪಿಎಚ್‌ಡಿ, ನಂತರ ಎರಡು ವರ್ಷ ಇಂಗ್ಲೆಂಡಿನ ಮ್ಯಾಂಚೆಸ್ಟರ್. 1937ರಲ್ಲಿ ಬರ್ಕ್ಲಿಗೆ ಬಂದವರು ಕೊನೆವರೆಗೂ ಅಲ್ಲೇ ಉಳಿದರು.

ಬರ್ಕ್ಲಿಯಲ್ಲಿ 1940ರಲ್ಲಿ ಕಾರ್ಬನ್-14 ಪತ್ತೆಯಾಗಿತ್ತು. ಯುದ್ಧ ಮುಗಿದ ಮೇಲೆ ಆ ವಿಕಿರಣಶೀಲ ಇಂಗಾಲವನ್ನು ಬಳಸುವ ಅವಕಾಶ ಕ್ಯಾಲ್ವಿನ್ ತಂಡಕ್ಕೆ ಸಿಕ್ಕಿತು. ಅವರ ಉಪಾಯ ಸರಳ. ಗಾಜಿನ ಚಪ್ಪಟೆ ಪಾತ್ರೆಯಲ್ಲಿ ಹಸಿರು ಪಾಚಿ, ಅದಕ್ಕೆ ಬೆಳಕು, ಜೊತೆಗೆ ಕಾರ್ಬನ್-14 ಇರುವ ಇಂಗಾಲದ ಡೈಆಕ್ಸೈಡ್. ಕೆಲವೇ ಸೆಕೆಂಡುಗಳ ನಂತರ ಪಾಚಿಯನ್ನು ಬಿಸಿ ಆಲ್ಕೋಹಾಲಿಗೆ ಸುರಿದರೆ ಎಲ್ಲ ಕ್ರಿಯೆಯೂ ಅಲ್ಲಿಗೇ ನಿಲ್ಲುತ್ತೆ. ಆಮೇಲೆ ಪೇಪರ್ ಕ್ರೊಮ್ಯಾಟೊಗ್ರಫಿ ಮಾಡಿ, ಎಕ್ಸ್-ರೇ ಫಿಲ್ಮ್ ಮೇಲೆ ಮೂಡುವ ಕಪ್ಪು ಚುಕ್ಕೆಗಳನ್ನು ನೋಡಿ ಇಂಗಾಲ ಯಾವ ಅಣುವಿಗೆ ಹೋಯ್ತು ಅಂತ ಹುಡುಕೋದು. ಈ ಕೆಲಸಕ್ಕೆ 1961ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

ಇಲ್ಲೊಂದು ಕಹಿ ವಿಷಯವನ್ನೂ ಹೇಳಲೇಬೇಕು. ಆ ಪ್ರಯೋಗಗಳಲ್ಲಿ ಆಂಡ್ರ್ಯೂ ಬೆನ್ಸನ್ ಅವರ ಪಾಲು ದೊಡ್ಡದು. 1954ರಲ್ಲಿ ಅವರು ತಂಡದಿಂದ ಹೊರಹೋಗಬೇಕಾಯ್ತು. 1992ರಲ್ಲಿ ಬಂದ ಕ್ಯಾಲ್ವಿನ್ ಆತ್ಮಕಥೆಯಲ್ಲಿ ಬೆನ್ಸನ್ ಹೆಸರೇ ಇಲ್ಲ. ಇವತ್ತು ಅನೇಕರು ಅದನ್ನು ಕ್ಯಾಲ್ವಿನ್-ಬೆನ್ಸನ್ ಸೈಕಲ್ ಅಂತಲೇ ಕರೀತಾರೆ. ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಯಾರ ಹೆಸರು ಹಾಕ್ಬೇಕು ಅನ್ನೋ ಜಗಳ ನೋಡಿರುವ ನಮಗೆ ಇದು ಅರ್ಥವಾಗುತ್ತೆ.

1973ರಲ್ಲಿ ತೈಲ ಬಿಕ್ಕಟ್ಟು ಬಂತು. ಬ್ರೆಜಿಲ್ ಕಬ್ಬಿನಿಂದ ಎಥೆನಾಲ್ ಮಾಡಿ ವಾಹನ ಓಡಿಸುವ ದೊಡ್ಡ ಯೋಜನೆಗೆ ಇಳಿಯಿತು. ಕ್ಯಾಲ್ವಿನ್ ಇದನ್ನು ನೋಡಿ ಒಂದು ಹೆಜ್ಜೆ ಮುಂದೆ ಯೋಚಿಸಿದರು. ಗಿಡ ಸಕ್ಕರೆ ಮಾಡೋದು, ನಾವು ಅದನ್ನು ಹುಳಿ ಬರಿಸಿ ಭಟ್ಟಿ ಇಳಿಸೋದು, ಇಷ್ಟೆಲ್ಲ ಯಾಕೆ? ನೇರವಾಗಿ ಹೈಡ್ರೋಕಾರ್ಬನ್ ಮಾಡುವ ಗಿಡವನ್ನೇ ಬೆಳೆದರೆ? ರಬ್ಬರ್ ಮರ ಮಾಡೋದು ಅದನ್ನೇ ಅಲ್ವಾ?

ಅವರ ಕಣ್ಣು ಬಿದ್ದದ್ದು ಕಳ್ಳಿ ಜಾತಿಯ, ಅಂದರೆ ಯುಫೋರ್ಬಿಯಾ ಗಿಡಗಳ ಮೇಲೆ. ಮುರಿದರೆ ಹಾಲು ಸುರಿಸುವ ಗಿಡಗಳು. ನಮ್ಮೂರ ಬೇಲಿಗಳಲ್ಲಿ ಎಲೆಯೇ ಇಲ್ಲದಂತೆ ಕಾಣುವ, ಹಸಿರು ಕಡ್ಡಿಗಳ ಕಳ್ಳಿ ಇರುತ್ತಲ್ಲ, ಅದೂ ಅವರ ಪಟ್ಟಿಯಲ್ಲಿತ್ತು. ಮುಖ್ಯವಾಗಿ ಅವರು ಆರಿಸಿಕೊಂಡದ್ದು ಕ್ಯಾಲಿಫೋರ್ನಿಯಾದಲ್ಲಿ ಕಳೆಯಂತೆ ಬೆಳೆಯುವ ಯುಫೋರ್ಬಿಯಾ ಲ್ಯಾಥಿರಿಸ್. ಗಿಡ ಒಣಗಿಸಿ, ಪುಡಿ ಮಾಡಿ, ದ್ರಾವಕದಲ್ಲಿ ನೆನೆಸಿದರೆ ಕಪ್ಪು ಎಣ್ಣೆಯಂಥದ್ದು ಸಿಗುತ್ತೆ. ಅದನ್ನು ಜಿಯೋಲೈಟ್ ಕ್ಯಾಟಲಿಸ್ಟ್ ಮೇಲೆ ಹಾಯಿಸಿದರೆ ಪೆಟ್ರೋಲಿಗೆ ಹತ್ತಿರದ ವಸ್ತು. ಎಕರೆಗೆ ವರ್ಷಕ್ಕೆ ಸುಮಾರು 10 ಬ್ಯಾರೆಲ್ ಬರಬಹುದು ಅನ್ನೋದು ಅವರ ಅಂದಾಜು. ಆಹಾರ ಬೆಳೆಯುವ ಭೂಮಿ ಬೇಡ, ಒಣ ಬರಡು ನೆಲ ಸಾಕು ಅನ್ನೋದು ಅವರ ಕನಸು.

ಸಮಸ್ಯೆ ಬಂದದ್ದು ಇಲ್ಲೇ. ಬರಡು ನೆಲದಲ್ಲಿ ಕಳ್ಳಿ ಬದುಕುತ್ತೆ, ಆದರೆ ಹುಲುಸಾಗಿ ಬೆಳೆಯಲ್ಲ. ಹೆಚ್ಚು ಇಳುವರಿ ಬೇಕು ಅಂದ್ರೆ ನೀರು ಕೊಡಬೇಕು. ನೀರು ಕೊಡೋ ಹಾಗಿದ್ರೆ ರೈತ ಬೇರೆ ಬೆಳೆ ಹಾಕಲ್ವಾ? ಮೇಲಾಗಿ, ಬಿದ್ದ ಬಿಸಿಲಿನಲ್ಲಿ ಶೇ. 1ರಷ್ಟನ್ನು ಮೈಗೂಡಿಸಿಕೊಂಡರೂ ಹೊಲದ ಬೆಳೆಯ ಮಟ್ಟಿಗೆ ಅದು ಒಳ್ಳೆಯ ಲೆಕ್ಕವೇ. ಅದರಲ್ಲಿ ಎಣ್ಣೆಯಾಗೋದು ಇನ್ನೂ ಸಣ್ಣ ಪಾಲು. ಕೊಯ್ಲು, ಒಣಗಿಸೋದು, ದ್ರಾವಕ, ಎಲ್ಲಕ್ಕೂ ಮತ್ತೆ ಇಂಧನ ಬೇಕು. 1986ರಲ್ಲಿ ಕಚ್ಚಾ ತೈಲದ ಬೆಲೆ ಕುಸಿದಾಗ ಪೆಟ್ರೋಲ್ ಗಿಡಗಳ ಮೇಲಿದ್ದ ಆಸಕ್ತಿಯೂ ಕುಸಿಯಿತು.

ಕ್ಯಾಲ್ವಿನ್ ಮಾತ್ರ ಬಿಡಲಿಲ್ಲ. ಬ್ರೆಜಿಲ್‌ನ ಕೊಪೈಬಾ ಮರದ ಕಾಂಡ ಕೊರೆದರೆ ಬರುವ ಎಣ್ಣೆಯ ಬಗ್ಗೆ ಕೆಲಸ ಮಾಡಿದರು, ಅದರ ಜೀನುಗಳನ್ನು ಕಳ್ಳಿಗೆ ಸೇರಿಸುವ ಮಾತಾಡಿದರು. 1997ರ ಜನವರಿ 8ರಂದು ಬರ್ಕ್ಲಿಯಲ್ಲಿ ತೀರಿಕೊಂಡಾಗ ಅವರ ಪೆಟ್ರೋಲ್ ತೋಟ ಎಲ್ಲೂ ಉದ್ಯಮವಾಗಿರಲಿಲ್ಲ. ಆದರೆ ಅವರು ಹಿಂದೆ ಬಿದ್ದಿದ್ದ ಟರ್ಪೀನ್ ಗುಂಪಿಗೇ ಸೇರಿದ ಫಾರ್ನೆಸೀನ್ ಅನ್ನು ಮುಂದೆ ಕಬ್ಬಿನ ಸಕ್ಕರೆ ತಿನ್ನುವ ಯೀಸ್ಟ್ ಕೈಲಿ ಮಾಡಿಸಿ, ಬ್ರೆಜಿಲ್‌ನ ಬಸ್ಸುಗಳಿಗೆ ಡೀಸೆಲ್ ಆಗಿ ಹಾಕಿದ್ದೂ ಆಯ್ತು.

ನಮ್ಮಲ್ಲೂ ಹೊಂಗೆ, ಜಟ್ರೋಫಾ, ಎಥೆನಾಲ್ ಅಂತ ಪ್ರಾಜೆಕ್ಟ್ ಮಾಡುವವರಿದ್ದಾರೆ. ಬೀಕರಿನಲ್ಲಿ ಎಣ್ಣೆ ಬಂದ ದಿನ ಖುಷಿಪಡೋಣ, ತಪ್ಪಿಲ್ಲ. ಅವತ್ತೇ ಇನ್ನೊಂದು ಹಾಳೆ ತಗೊಂಡು ಎಷ್ಟು ನೆಲ, ಎಷ್ಟು ನೀರು, ಎಷ್ಟು ಇಂಧನ ಹಾಕಿ ಎಷ್ಟು ಇಂಧನ ಪಡೆದೆವು ಅಂತಲೂ ಬರೆಯೋಣ. ನೊಬೆಲ್ ಪಡೆದವರಿಗೂ ಆ ಲೆಕ್ಕ ರಿಯಾಯಿತಿ ಕೊಡಲಿಲ್ಲ, ನಮಗಂತೂ ಕೊಡೋದಿಲ್ಲ.