ಒಲ್ಲೆ ಅಂದ ಇಂದಿರಾ ಮತ್ತು ಮಿನುಗುತಾರೆ ಕಲ್ಪನಾ

ನಮ್ಮ ಸಿನಿಮಾಗಳಲ್ಲಿ ಪ್ರೀತಿಯ ಲೆಕ್ಕ ಸರಳ. ಹುಡುಗ ಬೆನ್ನು ಬೀಳ್ತಾನೆ, ಹುಡುಗಿ ಬೈತಾಳೆ, ಅವನು ಬಿಡೋದಿಲ್ಲ, ಇಂಟರ್‌ವಲ್ ಹೊತ್ತಿಗೆ ಅವಳು ಒಪ್ಪಿರ್ತಾಳೆ. ಅವಳು ಬೇಡ ಅಂದದ್ದಕ್ಕೆ ಬೆಲೆಯೇ ಇಲ್ಲ. ಹಿಂದಿನ ಕಾಲ ಇನ್ನೂ ಕೆಟ್ಟದಾಗಿತ್ತು ಅಂತ ನನ್ನ ವಾರಗೆಯವರು ಅಂದುಕೊಂಡಿದ್ದಾರೆ. ಅವರಿಗೆ ನಾನು ಕಲ್ಪನಾ ಅವರ ಕಥೆ ಹೇಳುತ್ತೇನೆ.

ಕಲ್ಪನಾ ಹುಟ್ಟಿದ್ದು 1943ರ ಜುಲೈ 18ರಂದು. ಮೂಲ ಹೆಸರು ಶರತ್ ಲತಾ. 1963ರಲ್ಲಿ ಬಿ.ಆರ್. ಪಂತುಲು ಅವರ ‘ಸಾಕು ಮಗಳು’ ಚಿತ್ರದಿಂದ ತೆರೆಗೆ ಬಂದರು. ನಾಲ್ಕು ವರ್ಷದ ನಂತರ ಪುಟ್ಟಣ್ಣ ಕಣಗಾಲ್ ಅವರ ‘ಬೆಳ್ಳಿಮೋಡ’ ಬಂತು. ತ್ರಿವೇಣಿಯವರ ಕಾದಂಬರಿ ಆಧರಿಸಿದ ಚಿತ್ರ ಅದು.

ಅದರಲ್ಲಿ ಇಂದಿರಾ ಎಸ್ಟೇಟ್ ಮಾಲೀಕರ ಒಬ್ಬಳೇ ಮಗಳು. ಅವಳನ್ನು ಮದುವೆಯಾಗುವ ಮಾತಾದ ಮೇಲೆ ಮೋಹನ್ ಅವಳಪ್ಪನ ದುಡ್ಡಲ್ಲೇ ಅಮೆರಿಕಕ್ಕೆ ಓದಲು ಹೋಗ್ತಾನೆ. ಅಷ್ಟರಲ್ಲಿ ಅವಳಿಗೆ ತಮ್ಮ ಹುಟ್ಟುತ್ತಾನೆ. ಆಸ್ತಿಗೆ ವಾರಸುದಾರ ಬಂದ ಅಂತ ಗೊತ್ತಾದದ್ದೇ ತಡ, ಮೋಹನ್ ಜಾರಿಕೊಳ್ತಾನೆ. ಮುಂದೆ ಅವನೇ ಗಾಯಗೊಂಡು ಬಿದ್ದಾಗ ಇಂದಿರಾ ಆರೈಕೆ ಮಾಡ್ತಾಳೆ. ಅವನು ಪಶ್ಚಾತ್ತಾಪಪಟ್ಟು ಮದುವೆಯಾಗೋಣ ಅಂತಾನೆ. ಇಂದಿರಾ ಒಲ್ಲೆ ಅಂತಾಳೆ. ಅವಳಿಗೆ ಅವನ ಮೇಲೆ ದ್ವೇಷವಿಲ್ಲ. ಆದರೆ ಅವನು ಪ್ರೀತಿಸಿದ್ದು ಯಾವುದನ್ನು ಅನ್ನೋದು ಅವಳಿಗೆ ಗೊತ್ತಾಗಿದೆ.

ಒಂದು ಹೆಣ್ಣು ಪ್ರೀತಿಸಬಲ್ಲಳು, ಸೇವೆಯನ್ನೂ ಮಾಡಬಲ್ಲಳು, ಆಮೇಲೂ ಬೇಡ ಅನ್ನಬಲ್ಲಳು. 1967ರಲ್ಲೇ ಇದನ್ನು ತೆರೆಯ ಮೇಲೆ ತೋರಿಸಿಯಾಗಿತ್ತು. ಆ ಪಾತ್ರಕ್ಕೆ ಕಲ್ಪನಾ ಅವರಿಗೆ ರಾಜ್ಯ ಪ್ರಶಸ್ತಿ ಬಂತು. ‘ಹಣ್ಣೆಲೆ ಚಿಗುರಿದಾಗ’ ಮತ್ತು ‘ಶರಪಂಜರ’ಕ್ಕೂ ಬಂತು.

ಈ ಪಾತ್ರಗಳ ಹಿಂದೆ ಬರೆಯುವ ಹೆಂಗಸರಿದ್ದರು ಅನ್ನೋದನ್ನು ಮರೆಯಬಾರದು. ಈ ಮೂರೂ ತ್ರಿವೇಣಿಯವರ ಕಾದಂಬರಿಗಳು. ‘ಗೆಜ್ಜೆಪೂಜೆ’ ಎಂ.ಕೆ. ಇಂದಿರಾ ಅವರದು. ‘ಎರಡು ಕನಸು’ ವಾಣಿಯವರದು. ಪ್ರೀತಿಸುವ ಹೆಣ್ಣಿನ ತಲೆಯೊಳಗೆ ಏನು ನಡೆಯುತ್ತದೆ ಅನ್ನೋದು ಇವರಿಗೆ ಗೊತ್ತಿತ್ತು. ಅದಕ್ಕೆ ಬೀಳುವ ದಂಡವೂ ಗೊತ್ತಿತ್ತು. ‘ಗೆಜ್ಜೆಪೂಜೆ’ಯ ಚಂದ್ರಾ ಬಯಸುವುದು ಓದು ಮತ್ತು ಮದುವೆ, ಕೊನೆಗೆ ಸಿಗುವುದು ಸಾವು. ‘ಶರಪಂಜರ’ದ ಕಾವೇರಿ ಮೆಚ್ಚಿ ಮದುವೆಯಾದವಳು. ಹೆರಿಗೆಯ ನಂತರ ಮನಸ್ಸಿನ ಕಾಯಿಲೆ ಬರುತ್ತದೆ. ವಾಸಿಯಾಗಿ ಮನೆಗೆ ಬಂದರೂ ಗಂಡ, ನೆರೆಹೊರೆ ಸೇರಿ ಅವಳನ್ನು ಮತ್ತೆ ಹುಚ್ಚಿ ಮಾಡುತ್ತಾರೆ. ಈ ಚಿತ್ರಗಳು ಅಪರಾಧಿ ಯಾರು ಅಂತ ಬೊಟ್ಟು ಮಾಡಿ ತೋರಿಸಿದವು. ನಾವು ಮಾತ್ರ ಕಣ್ಣೀರನ್ನಷ್ಟೇ ನೆನಪಿಟ್ಟುಕೊಂಡೆವು.

‘ಶರಪಂಜರ’ದ ನಂತರ ಪುಟ್ಟಣ್ಣ ಮತ್ತು ಕಲ್ಪನಾ ದೂರವಾದರು. ಕೊನೆಯ ದಿನಗಳಲ್ಲಿ ಅವರು ನಮ್ಮ ಈ ಕಡೆ ಬಂದು, ಗುಡಗೇರಿ ಬಸವರಾಜ ಅವರ ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚಿದರು. 1979ರ ಮೇ 12ರಂದು ಸಂಕೇಶ್ವರದ ಹತ್ತಿರ ಗೋಟೂರಿನ ಪ್ರವಾಸಿ ಬಂಗಲೆಯಲ್ಲಿ ತೀರಿಕೊಂಡರು. ಇನ್ನೂ 36 ತುಂಬಿರಲಿಲ್ಲ.

ನಮ್ಮ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರ ನಡುವೆ ಕಲ್ಪನಾ ಹೆಸರೆತ್ತಿದರೆ ವಯಸ್ಸಾದವರು ಇವತ್ತಿಗೂ ಪಾಪ ಅಂತಾರೆ. ಆಮೇಲೆ ಆ ಸಾವಿನ ಬಗ್ಗೆ ಒಬ್ಬೊಬ್ಬರದು ಒಂದೊಂದು ಕಥೆ. ಎಲ್ಲದರಲ್ಲೂ ಪ್ರೀತಿಯಲ್ಲಿ ಸೋತ ಹೆಣ್ಣೇ ಇರ್ತಾಳೆ. 16 ವರ್ಷ ದುಡಿದ ಕಲಾವಿದೆಯ ಬದುಕು ಹೀಗೆ ಒಂದು ದುರಂತ ಸಿನಿಮಾ ಆಗಿಬಿಟ್ಟಿದೆ. ನನಗೆ ಸಿಟ್ಟು ಬರುವುದು ಇಲ್ಲೇ.

ಯಾಕಂದ್ರೆ ಇದು ಹಳೇ ಮಾತಲ್ಲ. ಇವತ್ತು ನಮ್ಮೂರಿನ ಹುಡುಗಿಯೊಬ್ಬಳು ಯಾರನ್ನೋ ಮೆಚ್ಚಿದರೆ ಕಾಲೇಜು ಬಿಡಿಸ್ತಾರೆ. ಬೆನ್ನು ಬಿದ್ದವನನ್ನು ಬೇಡ ಅಂದರೆ ಸೊಕ್ಕಿನವಳು ಅಂತಾರೆ. ಅವಳ ಒಪ್ಪಿಗೆಯನ್ನೂ ನಂಬೋದಿಲ್ಲ, ನಿರಾಕರಣೆಯನ್ನೂ ನಂಬೋದಿಲ್ಲ. ಮುಂದಿನ ಸಲ ಕಲ್ಪನಾ ಅವರನ್ನು ನೆನೆಯುವಾಗ ಗೋಟೂರಿನಿಂದ ಶುರು ಮಾಡಬೇಡಿ. ‘ಬೆಳ್ಳಿಮೋಡ’ದ ಕೊನೆಯ ಭಾಗ ನೋಡಿ. ಅಲ್ಲೊಬ್ಬಳು ಒಲ್ಲೆ ಅಂತಾಳೆ, ಸಿನಿಮಾ ಅವಳ ಮಾತನ್ನು ಗೌರವಿಸುತ್ತದೆ.