ಸಮಗಾರ ಹರಳಯ್ಯ

ಸಮಗಾರ ಹರಳಯ್ಯನವರು 12ನೆಯ ಶತಮಾನದಲ್ಲಿ ಕಲ್ಯಾಣದಲ್ಲಿದ್ದ ಶಿವಶರಣರು. ಬಸವಣ್ಣನವರ ಸಮಕಾಲೀನರು. ತೊಗಲನ್ನು ಹದಮಾಡಿ ಪಾದರಕ್ಷೆ ಹೊಲಿಯುವುದು ಇವರ ಕಾಯಕವಾಗಿತ್ತು. ಬಸವಣ್ಣನವರಿಗಾಗಿ ತಮ್ಮ ಮತ್ತು ಪತ್ನಿಯ ತೊಡೆಯ ಚರ್ಮದಿಂದ ಚಮ್ಮಾವುಗೆ ಮಾಡಿದರೆಂಬ ಕಥೆಯಿಂದಲೂ, ಮಗ ಶೀಲವಂತನಿಗೆ ಬ್ರಾಹ್ಮಣ ಮೂಲದ ಮಧುವರಸರ ಮಗಳನ್ನು ತಂದುಕೊಂಡ ಕಾರಣಕ್ಕೆ ಬಿಜ್ಜಳನಿಂದ ಘೋರ ಶಿಕ್ಷೆಗೆ ಗುರಿಯಾದರೆಂಬ ಕಥೆಯಿಂದಲೂ ಇವರು ಕನ್ನಡಿಗರಿಗೆ ಪರಿಚಿತರು. ಕಲ್ಯಾಣದ ಕ್ರಾಂತಿ ಎಂದು ಕರೆಯಲಾಗುವ ಘಟನೆಗಳ ಸರಣಿಯಲ್ಲಿ ಈ ಶಿಕ್ಷೆಗೆ ಮುಖ್ಯ ಸ್ಥಾನವಿದೆ.

ಹಿನ್ನೆಲೆ

ಹರಳಯ್ಯನವರ ಜನ್ಮವರ್ಷವನ್ನಾಗಲಿ ತಂದೆತಾಯಿಯರ ಹೆಸರನ್ನಾಗಲಿ ತಿಳಿಸುವ ಸಮಕಾಲೀನ ಶಾಸನ ದೊರೆತಿಲ್ಲ. ಅವರ ಅಂಕಿತವುಳ್ಳ ವಚನಗಳೂ ಉಳಿದು ಬಂದಿಲ್ಲ. ಆದ್ದರಿಂದ ಅವರ ಜೀವನವನ್ನು ಪುರಾಣ ಕಾವ್ಯಗಳು ಮತ್ತು ಜನಪದ ಪರಂಪರೆಯಿಂದಲೇ ಕಟ್ಟಿಕೊಳ್ಳಬೇಕಾಗಿದೆ. ಪತ್ನಿಯ ಹೆಸರು ಕಲ್ಯಾಣಮ್ಮ. ಮಗನ ಹೆಸರು ಶೀಲವಂತ.

ಕಾಲದ ಚೌಕಟ್ಟು ಮಾತ್ರ ಸಾಕಷ್ಟು ಸ್ಪಷ್ಟವಾಗಿದೆ. ಕಲಚುರಿ ವಂಶದ ಇಮ್ಮಡಿ ಬಿಜ್ಜಳನು ಮೊದಲು ಕಲ್ಯಾಣ ಚಾಲುಕ್ಯರ ಮಹಾಮಂಡಲೇಶ್ವರನಾಗಿದ್ದು ಕರಹಾಡ-4000 ಮತ್ತು ತರ್ದವಾಡಿ-1000 ನಾಡುಗಳನ್ನು ಆಳುತ್ತಿದ್ದನು. ಇಂದಿನ ವಿಜಯಪುರ ಜಿಲ್ಲೆಯ ಬಹುಭಾಗವು ತರ್ದವಾಡಿ ನಾಡಿಗೆ ಸೇರಿತ್ತು. ಬಸವಣ್ಣನವರ ಊರಾದ ಬಾಗೇವಾಡಿಯೂ ಅದೇ ನಾಡಿನ ಗ್ರಾಮವೆಂದು 1260ರ ಅರ್ಜುನವಾಡ ಶಾಸನ ತಿಳಿಸುತ್ತದೆ. ಬಿಜ್ಜಳನು 1162ರ ಹೊತ್ತಿಗೆ ಚಾಲುಕ್ಯ ಸಿಂಹಾಸನವನ್ನು ಸಂಪೂರ್ಣವಾಗಿ ವಶಪಡಿಸಿಕೊಂಡನು. 1167-68ರ ಸುಮಾರಿಗೆ ಅವನ ಅಂತ್ಯವಾಯಿತು. ಹರಳಯ್ಯನವರ ಸಾರ್ವಜನಿಕ ಜೀವನವೆಲ್ಲ ಈ ಕೆಲವೇ ವರ್ಷಗಳ ಒಳಗೆ ನಡೆದದ್ದು.

ಕಾಯಕ

ಶರಣರ ನಡುವೆ ತೊಗಲಿನ ಕಾಯಕದವರು ಒಬ್ಬಿಬ್ಬರಲ್ಲ. ಮಾದಾರ ಚೆನ್ನಯ್ಯ, ಮಾದಾರ ಧೂಳಯ್ಯ, ಡೋಹರ ಕಕ್ಕಯ್ಯ ಇವರೆಲ್ಲ ಅದೇ ಕಸುಬಿನ ಬೇರೆ ಬೇರೆ ಕವಲುಗಳಿಂದ ಬಂದವರು. ಚೆನ್ನಯ್ಯನವರ ವಚನಗಳ ಅಂಕಿತದಲ್ಲಿಯೇ ಕೈಯುಳಿ, ಕತ್ತಿ, ಅಡಿಗೂಂಟ ಎಂಬ ಚಮ್ಮಾರನ ಉಪಕರಣಗಳು ಸೇರಿಕೊಂಡಿವೆ. ಬಸವಣ್ಣನವರು ಹಲವು ವಚನಗಳಲ್ಲಿ ಚೆನ್ನಯ್ಯ, ಕಕ್ಕಯ್ಯರನ್ನು ತಮ್ಮ ಬಂಧುಗಳೆಂದು ಹೇಳಿಕೊಂಡಿದ್ದಾರೆ. ಸತ್ತ ದನದ ತೊಗಲನ್ನು ಮುಟ್ಟುವವನನ್ನು ಊರ ಹೊರಗೆ ಇರಿಸಿದ್ದ ಸಮಾಜದಲ್ಲಿ ಆ ಮಾತು ಬರಿಯ ವಿನಯವಾಗಿರಲಿಲ್ಲ ಎಂಬುದು ಹರಳಯ್ಯನವರಿಗೆ ಮುಂದೆ ಒದಗಿದ ಗತಿಯಿಂದ ತಿಳಿಯುತ್ತದೆ.

ಈ ಕಸುಬಿನ ಸಾಂಪ್ರದಾಯಿಕ ಕ್ರಮ ಉತ್ತರ ಕರ್ನಾಟಕದಲ್ಲಿ ಇತ್ತೀಚಿನವರೆಗೂ ಉಳಿದುಕೊಂಡು ಬಂದಿದೆ. ಹಸಿ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ ಕೂದಲು ಮತ್ತು ಮಾಂಸದ ಪದರನ್ನು ಹೆರೆದು ತೆಗೆಯುತ್ತಾರೆ. ಅನಂತರ ಜಾಲಿಯ ಚಕ್ಕೆ, ಅಳಲೆಕಾಯಿಯಂತಹ ಒಗರು ವಸ್ತುಗಳ ರಸದಲ್ಲಿ ಹದಗೊಳಿಸುತ್ತಾರೆ. ತೊಗಲನ್ನೇ ಚೀಲದಂತೆ ಹೊಲಿದು, ಅದರೊಳಗೆ ಈ ರಸವನ್ನು ತುಂಬಿ ತೂಗುಹಾಕುವುದು ಒಂದು ವಿಧಾನ. ರಸವು ತೊಗಲಿನ ಮೂಲಕ ಜಿನುಗುತ್ತ ಹೋದಂತೆ ಅದು ಗಟ್ಟಿಯೂ ಕೊಳೆಯದಂಥದ್ದೂ ಆಗುತ್ತದೆ. ಹೀಗೆ ಸಿದ್ಧವಾದ ಚರ್ಮದ ಪದರುಗಳನ್ನು ಒಂದರ ಮೇಲೊಂದಿಟ್ಟು, ಮೊಳೆ ಬಳಸದೆ ಚರ್ಮದ ದಾರದಿಂದಲೇ ಹೊಲಿದು ಮೆಟ್ಟು ಮಾಡುತ್ತಾರೆ. ಒಂದು ಅಟ್ಟೆ, ಒಂದು ಪಟ್ಟಿ, ಒಂದು ಉಂಗುಟ. ಇಷ್ಟರಲ್ಲಿಯೇ ಮುಗಿಯುವ ಈ ರಚನೆಯಲ್ಲಿ ಅನಾವಶ್ಯಕವಾದದ್ದು ಏನೂ ಇರುವುದಿಲ್ಲ. ಮನೆಯ ಹೆಂಗಸರು ಹೊಲಿಗೆ ಮತ್ತು ಹೆಣಿಗೆಯಲ್ಲಿ ಸಮಪಾಲು ಪಡೆಯುವ ಕಸುಬು ಇದು. ಚಮ್ಮಾವುಗೆಯ ಕಥೆಯಲ್ಲಿ ಕಲ್ಯಾಣಮ್ಮನ ಪಾತ್ರ ಗಂಡನದಕ್ಕೆ ಸಮನಾಗಿರುವುದನ್ನು ಈ ಹಿನ್ನೆಲೆಯಲ್ಲಿ ಗಮನಿಸಬಹುದು.

ಚಮ್ಮಾವುಗೆಯ ಪ್ರಸಂಗ

ಪರಂಪರೆಯ ಪ್ರಕಾರ, ಒಮ್ಮೆ ದಾರಿಯಲ್ಲಿ ಎದುರಾದ ಬಸವಣ್ಣನವರಿಗೆ ಹರಳಯ್ಯನವರು ಶರಣು ಎಂದರು. ಬಸವಣ್ಣನವರು ಅದಕ್ಕೆ ಪ್ರತಿಯಾಗಿ ಎರಡು ಬಾರಿ ಶರಣು ಹೇಳಿದರು. ತಮ್ಮ ಒಂದು ಶರಣಿಗೆ ಮಹಾಮಂತ್ರಿಯಿಂದ ಎರಡು ಶರಣು ಬಂದದ್ದು ಹರಳಯ್ಯನವರಿಗೆ ತೀರಿಸಲಾಗದ ಋಣವಾಗಿ ತೋರಿತು. ಹೆಚ್ಚಿನ ಆ ಒಂದು ಶರಣನ್ನು ಮರಳಿಸುವುದು ಹೇಗೆಂದು ಮನೆಗೆ ಬಂದು ಪತ್ನಿಯೊಡನೆ ಆಲೋಚಿಸಿದರು. ತಮ್ಮ ಕೈಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಆದರೆ ಸತ್ತ ಪ್ರಾಣಿಯ ತೊಗಲು ಆ ಪಾದಗಳಿಗೆ ತಕ್ಕದ್ದಲ್ಲವೆಂದು ಅವರಿಗೆ ತೋರಿತು. ಹರಳಯ್ಯನವರು ತಮ್ಮ ಬಲತೊಡೆಯ ಚರ್ಮವನ್ನೂ ಕಲ್ಯಾಣಮ್ಮ ತನ್ನ ಎಡತೊಡೆಯ ಚರ್ಮವನ್ನೂ ತೆಗೆದು ಹದಮಾಡಿ ಒಂದು ಜೊತೆ ಚಮ್ಮಾವುಗೆ ಹೊಲಿದರು.

ಅವನ್ನು ಒಪ್ಪಿಸಲು ಹೋದಾಗ ಬಸವಣ್ಣನವರು ಮೆಟ್ಟಿಕೊಳ್ಳಲಿಲ್ಲ. ತಲೆಯ ಮೇಲಿಟ್ಟುಕೊಂಡು, ಇವನ್ನು ಮೆಟ್ಟುವ ಯೋಗ್ಯತೆ ಲೋಕದಲ್ಲಿ ಯಾರಿಗೂ ಇಲ್ಲವೆಂದು ಹಿಂದಿರುಗಿಸಿದರು. ಮರಳುವ ದಾರಿಯಲ್ಲಿ ಬಿಜ್ಜಳನ ಆಸ್ಥಾನದ ಮಧುವರಸರು ಆ ಸುಂದರವಾದ ಮೆಟ್ಟುಗಳನ್ನು ಕಂಡು ಮೆಟ್ಟಿಕೊಂಡರು. ಒಡನೆಯೇ ಅವರ ಮೈ ಉರಿಯತೊಡಗಿತು. ಕುಷ್ಠರೋಗ ಆವರಿಸಿತೆಂದು ಇನ್ನು ಕೆಲವು ಕಥನಗಳು ಹೇಳುತ್ತವೆ. ಯಾವ ಔಷಧಕ್ಕೂ ಬಗ್ಗದ ಆ ಉರಿಯು ಹರಳಯ್ಯನವರ ಮನೆಯಲ್ಲಿ ತೊಗಲು ನೆನೆಹಾಕುತ್ತಿದ್ದ ಬಾನಿಯ ನೀರು ಸೋಂಕಿದಾಗ ಶಮನವಾಯಿತು. ಮಧುವರಸರು ಶರಣರಾದರು.

ಈ ಕಥೆಯನ್ನು ಪವಾಡವೆಂದು ಓದುವವರುಂಟು, ರೂಪಕವೆಂದು ಓದುವವರುಂಟು. ಎರಡು ರೀತಿಯಲ್ಲಿಯೂ ಅದರ ತಿರುಳು ಬಾನಿಯ ನೀರಿನಲ್ಲಿದೆ. ಊರಿನ ದೃಷ್ಟಿಯಲ್ಲಿ ಅತ್ಯಂತ ಮೈಲಿಗೆಯಾದ ಪದಾರ್ಥವೇ ಇಲ್ಲಿ ಮೇಲ್ಜಾತಿಯ ಅಧಿಕಾರಿಯ ಮೈಯನ್ನು ಶುದ್ಧಮಾಡುತ್ತದೆ. ಚಮ್ಮಾವುಗೆಯ ತ್ಯಾಗಕ್ಕೆ ಚಿತ್ರಗಳಲ್ಲಿ, ಹರಿಕಥೆಗಳಲ್ಲಿ ದೊರೆತಷ್ಟು ಪ್ರಾಧಾನ್ಯ ಈ ಎರಡನೆಯ ಭಾಗಕ್ಕೆ ದೊರೆತಿಲ್ಲ.

ವಿವಾಹ ಮತ್ತು ಶಿಕ್ಷೆ

ಲಿಂಗದೀಕ್ಷೆ ಪಡೆದವರಲ್ಲಿ ಜಾತಿಭೇದ ಉಳಿಯುವುದಿಲ್ಲವೆಂಬ ನಿಲುವಿನಂತೆ ಮಧುವರಸರು ತಮ್ಮ ಮಗಳನ್ನು ಹರಳಯ್ಯನವರ ಮಗ ಶೀಲವಂತನಿಗೆ ಕೊಡಲು ಒಪ್ಪಿದರು. ವಧುವಿನ ಹೆಸರು ಪರಂಪರೆಯಲ್ಲಿ ಲಾವಣ್ಯ ಅಥವಾ ಲಾವಣ್ಯವತಿ ಎಂದಿದೆ. ಶರಣರ ಸಮ್ಮುಖದಲ್ಲಿ ಮದುವೆ ನಡೆಯಿತು. ಇದು ವರ್ಣಸಂಕರವೆಂದು ಸಂಪ್ರದಾಯಸ್ಥರು ಅರಸನಲ್ಲಿ ದೂರಿದರು. ಅಂದಿನ ಧರ್ಮಶಾಸ್ತ್ರಗಳ ದೃಷ್ಟಿಯಲ್ಲಿ ಕೆಳಜಾತಿಯ ವರ, ಮೇಲ್ಜಾತಿಯ ವಧು ಎಂಬ ಪ್ರತಿಲೋಮ ವಿವಾಹ ಅತ್ಯಂತ ನಿಂದ್ಯವಾದದ್ದು. ಶರಣರ ಪ್ರಕಾರ ಇಬ್ಬರೂ ಲಿಂಗವಂತರು. ಹಾಗಾಗಿ ಅಲ್ಲಿ ಸಂಕರವೆಂಬುದೇ ಇರಲಿಲ್ಲ. ಮಹಾಮನೆಯ ಅಂಗಳದಲ್ಲಿ ಒಪ್ಪಿತವಾಗಿದ್ದ ಈ ಮಾತು ಅರಮನೆಯಲ್ಲಿ ಒಪ್ಪಿತವಾಗಲಿಲ್ಲ.

ಬಿಜ್ಜಳನು ಹರಳಯ್ಯ, ಮಧುವರಸರಿಬ್ಬರಿಗೂ ಎಳೆಹೂಟೆಯ ಶಿಕ್ಷೆ ವಿಧಿಸಿದನು. ಆನೆಯ ಕಾಲಿಗೆ ಕಟ್ಟಿ ಕಲ್ಯಾಣದ ಬೀದಿಗಳಲ್ಲಿ ಎಳೆಸಿ ಕೊಲ್ಲಲಾಯಿತೆಂದು ಪ್ರಚಲಿತ ಕಥನ ಹೇಳುತ್ತದೆ. ಕೆಲವು ಕಥನಗಳಲ್ಲಿ ಶೀಲವಂತನೂ ಶಿಕ್ಷೆಗೆ ಗುರಿಯಾಗುತ್ತಾನೆ. ಇದರ ಬೆನ್ನಲ್ಲೇ ಜಗದೇವ ಮತ್ತು ಮೊಲ್ಲೆಯ ಬೊಮ್ಮಯ್ಯ ಎಂಬವರು ಬಿಜ್ಜಳನನ್ನು ಕೊಂದರೆಂದೂ, ಶರಣರು ಕಲ್ಯಾಣವನ್ನು ತೊರೆದು ಉಳವಿ ಮೊದಲಾದೆಡೆಗೆ ಚದುರಿದರೆಂದೂ ವೀರಶೈವ ಪುರಾಣಗಳು ವಿವರಿಸುತ್ತವೆ.

ಆಕರಗಳು

ಹರಳಯ್ಯನವರ ಕಥೆಯನ್ನು ಅಭ್ಯಾಸ ಮಾಡುವವರು ಆಕರಗಳ ಕಾಲಾನುಕ್ರಮವನ್ನು ಗಮನಿಸುವುದು ಅಗತ್ಯ. ಘಟನೆಗಳಿಗೆ ಹೆಚ್ಚು ಸಮೀಪವಾದ ಕೃತಿಯೆಂದರೆ ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣ. ಅದು 13ನೆಯ ಶತಮಾನದ್ದು. ಅದರಲ್ಲಿ ಬರುವ ಅಲ್ಲಯ್ಯ ಮತ್ತು ಮಧುವಯ್ಯ ಎಂಬ ಇಬ್ಬರು ಭಕ್ತರ ಕಣ್ಣುಗಳನ್ನು ಬಿಜ್ಜಳನು ಕೀಳಿಸುತ್ತಾನೆ. ಈ ಅಲ್ಲಯ್ಯನೇ ಹರಳಯ್ಯನೆಂದು ಸಾಮಾನ್ಯವಾಗಿ ಗುರುತಿಸಲಾಗುತ್ತದೆ. ಅಲ್ಲಿ ಮದುವೆಯ ಪ್ರಸ್ತಾಪವಿಲ್ಲ. 1369ರಲ್ಲಿ ಭೀಮಕವಿ ರಚಿಸಿದ ಕನ್ನಡ ಬಸವಪುರಾಣವು ಸೋಮನಾಥನ ಕೃತಿಯನ್ನೇ ಆಧರಿಸಿದೆ. ವಿರೂಪಾಕ್ಷ ಪಂಡಿತನ ಚೆನ್ನಬಸವಪುರಾಣದ (1584) ಹೊತ್ತಿಗೆ ಕಣ್ಣು ಕೀಳಿಸುವ ಶಿಕ್ಷೆಯ ಸ್ಥಾನದಲ್ಲಿ ಎಳೆದು ಕೊಲ್ಲುವ ಶಿಕ್ಷೆ ಕಾಣಿಸಿಕೊಳ್ಳುತ್ತದೆ. ವಿವಾಹವೇ ಶಿಕ್ಷೆಗೆ ಕಾರಣವೆಂಬ ವಿವರ ಕನ್ನಡದ ನಂತರದ ಪುರಾಣಗಳಲ್ಲಿಯೂ ಮೌಖಿಕ ಪರಂಪರೆಯಲ್ಲಿಯೂ ಬಲಗೊಂಡಿತು.

ಇದರಿಂದ ಮದುವೆ ನಡೆದೇ ಇರಲಿಲ್ಲವೆಂದು ತೀರ್ಮಾನಿಸುವುದು ಆತುರವಾದೀತು. ಸೋಮನಾಥನು ಭಕ್ತರ ಮಹಿಮೆಯನ್ನು ಹಾಡಲು ಹೊರಟ ಕವಿ. ಬಿಜ್ಜಳನ ನಿರ್ಧಾರದ ರಾಜಕೀಯ ಕಾರಣಗಳು ಅವನಿಗೆ ಮುಖ್ಯವಲ್ಲ. ಇಬ್ಬರು ಶರಣರನ್ನು, ಅದೂ ಈ ಇಬ್ಬರನ್ನೇ, ಒಟ್ಟಿಗೆ ಶಿಕ್ಷಿಸಲಾಯಿತೆಂಬ ಒಂದು ಅಂಶದಲ್ಲಿ ಎಲ್ಲ ಆಕರಗಳೂ ಒಂದಾಗುತ್ತವೆ. ಒಬ್ಬ ಸಮಗಾರ, ಒಬ್ಬ ಬ್ರಾಹ್ಮಣ ಅಧಿಕಾರಿ ಒಂದೇ ಅಪರಾಧಕ್ಕೆ ಪಾಲುದಾರರಾಗುವುದು ಹೇಗೆಂಬ ಪ್ರಶ್ನೆಗೆ ಪರಂಪರೆ ಕೊಡುವ ಉತ್ತರ ಆ ಮದುವೆ.

ಶರಣ ಸಾಹಿತ್ಯವು ಆಧುನಿಕ ಓದುಗರಿಗೆ ದೊರೆತದ್ದು ಬಹುಮಟ್ಟಿಗೆ ವಿಜಯಪುರ ನಗರದಿಂದ. ಅಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು (1880-1964) ತಾಳೆಗರಿಗಳನ್ನು ಸಂಗ್ರಹಿಸಿ 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಕುಶಲಕರ್ಮಿ ಶರಣರು ಮಠಗಳ ಪುರಾಣಪ್ರವಚನದಿಂದ ಹೊರಬಂದು ಸಾಹಿತ್ಯ ಮತ್ತು ಇತಿಹಾಸದ ಚರ್ಚೆಗೆ ವಸ್ತುವಾದದ್ದು ಆ ನಂತರ.

ಸ್ಮರಣೆ

ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ ಹರಳಯ್ಯನವರ ಗವಿ ಎಂದು ಗುರುತಿಸಲಾದ ಸ್ಥಳವಿದೆ. ಕಲಬುರಗಿ ಜಿಲ್ಲೆಯ ಬಿಜನಳ್ಳಿಯಲ್ಲಿ ಒಂದು ಜೊತೆ ಪ್ರಾಚೀನ ಪಾದರಕ್ಷೆಗಳನ್ನು ಹರಳಯ್ಯನವರ ಚಮ್ಮಾವುಗೆಗಳೆಂಬ ಶ್ರದ್ಧೆಯಿಂದ ಪೂಜಿಸಲಾಗುತ್ತದೆ. ಕರ್ನಾಟಕ ಸರ್ಕಾರವು ಆಚರಿಸುವ ಕಾಯಕ ಶರಣರ ಜಯಂತಿಯಲ್ಲಿ ಮಾದಾರ ಚೆನ್ನಯ್ಯ, ಮಾದಾರ ಧೂಳಯ್ಯ, ಡೋಹರ ಕಕ್ಕಯ್ಯ, ಉರಿಲಿಂಗ ಪೆದ್ದಿಯವರೊಂದಿಗೆ ಹರಳಯ್ಯನವರನ್ನೂ ಸ್ಮರಿಸಲಾಗುತ್ತದೆ.

ಆಧುನಿಕ ಕನ್ನಡ ರಂಗಭೂಮಿಯು ಈ ವಿವಾಹಕ್ಕೆ ಮತ್ತೆ ಮತ್ತೆ ಮರಳಿದೆ. ಪಿ. ಲಂಕೇಶರ ಸಂಕ್ರಾಂತಿ ಪಾತ್ರಗಳ ಹೆಸರು, ಸಂಬಂಧಗಳನ್ನು ಬದಲಿಸಿ ಇದೇ ಬಿಕ್ಕಟ್ಟನ್ನು ನೋಡುತ್ತದೆ. ಎಚ್. ಎಸ್. ಶಿವಪ್ರಕಾಶರ ಮಹಾಚೈತ್ರ (1986) ಕಲ್ಯಾಣದ ಕೊನೆಯ ದಿನಗಳನ್ನು ದುಡಿಯುವ ಜನರ ಕಡೆಯಿಂದ ಕಾಣುತ್ತದೆ. ಗಿರೀಶ ಕಾರ್ನಾಡರ ತಲೆದಂಡದಲ್ಲಿ (1990) ಹರಳಯ್ಯ, ಅವರ ಪತ್ನಿ, ಶೀಲವಂತ, ವಧು ಕಲಾವತಿ, ಅವಳ ತಂದೆತಾಯಿ ಎಲ್ಲರೂ ಪಾತ್ರಗಳಾಗಿದ್ದಾರೆ. ತೊಗಲಿನ ಮನೆಯಲ್ಲಿ ತನ್ನ ಮಗಳು ಬಾಳುವುದು ಹೇಗೆಂಬ ತಾಯಿಯ ಆತಂಕವನ್ನು ಕಾರ್ನಾಡರು ಮರೆಮಾಚುವುದಿಲ್ಲ. ಪುರಾಣಗಳು ಮುಟ್ಟದೆ ಬಿಟ್ಟ ಮಾತು ಅದು.

ಕೊಲ್ಹಾಪುರಿ ಚಪ್ಪಲಿಯ ಮೂಲವನ್ನು ಬಿಜ್ಜಳ, ಬಸವಣ್ಣನವರ ಕಾಲಕ್ಕೆ ಒಯ್ಯುವ ನಂಬಿಕೆಯೊಂದು ಪ್ರಚಾರದಲ್ಲಿದೆ. ಹರಳಯ್ಯನವರೊಂದಿಗೆ ಅದನ್ನು ನೇರವಾಗಿ ಜೋಡಿಸುವ ಪ್ರಾಚೀನ ಆಧಾರವಿಲ್ಲವಾದರೂ ಹದಮಾಡುವ ಮತ್ತು ಹೊಲಿಯುವ ಕ್ರಮ ಮೇಲೆ ವಿವರಿಸಿದ್ದೇ ಆಗಿದೆ. 2019ರಲ್ಲಿ ಈ ಚಪ್ಪಲಿಗೆ ದೊರೆತ ಭೌಗೋಳಿಕ ಸೂಚಿಯು ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸೊಲ್ಲಾಪುರ, ಸತಾರಾ ಜಿಲ್ಲೆಗಳಿಗೂ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೂ ಅನ್ವಯಿಸುತ್ತದೆ. ಹೊಸ ತಾಲ್ಲೂಕುಗಳಾದ ತಿಕೋಟಾ, ಬಬಲೇಶ್ವರಗಳೂ ಈ ವ್ಯಾಪ್ತಿಯೊಳಗಿವೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಸಂಸ್ಥೆಯು ಮಿಲಾನ್ ನಗರದ ಪ್ರದರ್ಶನದಲ್ಲಿ ಇದೇ ವಿನ್ಯಾಸದ ಮೆಟ್ಟುಗಳನ್ನು ಮೂಲವನ್ನು ಹೆಸರಿಸದೆ ಪ್ರದರ್ಶಿಸಿತು. ಆಕ್ಷೇಪಗಳು ಎದ್ದ ಮೇಲೆ ಅದರ ಪ್ರೇರಣೆ ಭಾರತದ ಕುಶಲಕರ್ಮಿಗಳ ಪರಂಪರೆಯೆಂದು ಒಪ್ಪಿಕೊಂಡಿತು.