ಏಕಾಂತದ ರಾಮಯ್ಯಗಳು

ಶಿವಶರಣರ ಚರಿತ್ರೆಯ ಬಹುಭಾಗವು ನಮಗೆ ರಗಳೆ ಪುರಾಣಗಳಿಂದ ದೊರೆತುದು. ಕವಿಗಳು ಭಕ್ತಿಪರವಶರಾಗಿ ಹಾಡಿದ ಆ ಕಥೆಗಳಲ್ಲಿ ನಡೆದುದೆಷ್ಟು, ಹಾಡಿದುದೆಷ್ಟು ಎಂದು ವಿಂಗಡಿಸುವುದು ವಿದ್ವಾಂಸರಿಗೂ ಸುಲಭವಲ್ಲ. ಆದರೆ ಎಲ್ಲಕ್ಕಿಂತಲೂ ನಂಬಲರಿದಾದ ಒಂದು ಪವಾಡ, ಭಕ್ತನೊಬ್ಬನು ತನ್ನ ತಲೆಯನ್ನು ತಾನೇ ಅರಿದು ಶಿವನಿಗರ್ಪಿಸಿ ಏಳು ದಿನಗಳ ಮೇಲೆ ಮರಳಿ ಪಡೆದನೆಂಬುದು, ಆ ಭಕ್ತನ ಕಾಲಕ್ಕೆ ತೀರ ಸಮೀಪವಾದ ಶಿಲಾಶಾಸನದಲ್ಲಿಯೇ ಉಕ್ತವಾಗಿದೆ. ಹಾವೇರಿ ಜಿಲ್ಲೆಯ ಹಿರೇಕೆರೂರು ತಾಲೂಕಿನ ಅಬಲೂರಿನಲ್ಲಿ, ಸೋಮೇಶ್ವರ ದೇವಾಲಯದ ಕಲ್ಲಿನ ಮೇಲೆ ಸುಮಾರು 1200ರಲ್ಲಿ ಕೊರೆದ ದೀರ್ಘಶಾಸನವದು. ಅದರ ನಾಯಕರು ಏಕಾಂತದ ರಾಮಯ್ಯಗಳು. ಶರಣಸಾಹಿತ್ಯದ ಏಕಾಂತ ರಾಮಿತಂದೆಗಳು.

ರಾಮಯ್ಯಗಳ ಜನ್ಮಸ್ಥಳ ಅಲಂದೆ, ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಆಳಂದ. ತಂದೆ ಶ್ರೀವತ್ಸಗೋತ್ರದ ಪುರುಷೋತ್ತಮಭಟ್ಟರು, ತಾಯಿ ಪದ್ಮಾಂಬಿಕೆ. ಶೈವಧರ್ಮವು ಕುಂದುತ್ತಿದೆಯೆಂದು ನಾರದನು ಕೈಲಾಸದಲ್ಲಿ ಬಿನ್ನವಿಸಲು ಶಿವನ ಅಪ್ಪಣೆಯಂತೆ ವೀರಭದ್ರನ ಅಂಶವು ಮಕ್ಕಳಿಲ್ಲದ ಈ ದಂಪತಿಗಳಲ್ಲಿ ಮಗುವಾಗಿ ಬಂದಿತೆಂದು ಶಾಸನಕವಿಯು ಹೇಳುತ್ತಾನೆ. ಬಾಲ್ಯದ ವಿಚಾರವಾಗಿ ಇದಕ್ಕಿಂತ ಹೆಚ್ಚೇನೂ ಇಲ್ಲ. ಬೆಳೆದ ಮಗನು ಶಿವನೊಬ್ಬನನ್ನಲ್ಲದೆ ಅನ್ಯವನ್ನರಿಯದೆ, ಏಕಾಂತದಲ್ಲಿ ಶಿವಾರ್ಚನೆಯಲ್ಲಿಯೇ ನಿರತನಾದುದರಿಂದ ಏಕಾಂತದ ರಾಮಯ್ಯನೆಂಬ ಹೆಸರು ನಿಂತಿತು. ಅನೇಕ ಶಿವಕ್ಷೇತ್ರಗಳನ್ನು ಕಂಡು ಕೊನೆಗೆ ಹುಲಿಗೆರೆಗೆ, ಇಂದಿನ ಲಕ್ಷ್ಮೇಶ್ವರಕ್ಕೆ ಬಂದು, ಅಲ್ಲಿಯ ಸೋಮನಾಥನ ಸೇವೆಯಲ್ಲಿದ್ದಾಗ, ಅಬ್ಬಲೂರಿಗೆ ಹೋಗಿ ನೆಲಸೆಂಬ ಆಜ್ಞೆ ದೇವರಿಂದ ಬಂದಿತಂತೆ.

ಏಕಾಂತಪ್ರಿಯರಾದ ಪುರುಷರಿಗೆ ಜಗಳದ ಊರಿಗೆ ಹೋಗೆಂಬ ಆಜ್ಞೆ! ಅಬ್ಬಲೂರಿನಲ್ಲಿ ಅಂದು ಜೈನರು ಪ್ರಬಲರಾಗಿದ್ದರು. ಅವರ ಮುಂದಾಳು ಸಂಕಗಾವುಂಡ. ರಾಮಯ್ಯಗಳು ಬ್ರಹ್ಮೇಶ್ವರ ದೇವಾಲಯದಲ್ಲಿ ಶಿವಧ್ಯಾನದಲ್ಲಿದ್ದಾಗ ಜೈನರು ಅಲ್ಲಿಗೇ ಬಂದು ಜಿನಸ್ತುತಿಯನ್ನು ಮಾಡತೊಡಗಿದರು. ಶಿವಸನ್ನಿಧಿಯಲ್ಲಿ ಇದು ಸಲ್ಲದೆಂದು ರಾಮಯ್ಯಗಳು ತಡೆದರು. ಮಾತಿಗೆ ಮಾತು ಬೆಳೆಯಿತು. ನಿನ್ನ ದೇವನು ಅಷ್ಟು ದೊಡ್ಡವನಾದರೆ ತಲೆಯನ್ನರಿದಿಟ್ಟು ಅವನಿಂದ ಮರಳಿ ಪಡೆದು ತೋರಿಸೆಂದು ಎದುರಾಳಿಗಳು ಸವಾಲು ಹಾಕಿದರು. ಗೆದ್ದರೆ ಏನನ್ನು ಕೊಡುವಿರೆಂದು ರಾಮಯ್ಯಗಳು ಕೇಳಿದರು. ಜಿನಬಿಂಬವನ್ನು ತೆಗೆದು ಶಿವನನ್ನು ಪ್ರತಿಷ್ಠಿಸುವೆವೆಂದು ಅವರು ಒಪ್ಪಿದರು. ರಾಮಯ್ಯಗಳು ಅದನ್ನು ಬಾಯಿಮಾತಿಗೆ ಬಿಡದೆ ಓಲೆಯಲ್ಲಿ ಬರೆಯಿಸಿಕೊಂಡರು. ತಲೆಯನ್ನೇ ಕೊಡಹೊರಟ ಭಕ್ತರು ಕರಾರುಪತ್ರವನ್ನು ಮರೆಯಲಿಲ್ಲವೆಂಬ ಈ ಸಣ್ಣ ಸಂಗತಿಯು ಮುಂದೆ ಬಹಳ ಉಪಯೋಗಕ್ಕೆ ಬಂದಿತು.

ದೇವರಿಗೆ ತಲೆಯನ್ನೊಪ್ಪಿಸುವ ಹರಕೆಯು ಆ ಕಾಲದ ಕನ್ನಡನಾಡಿಗೆ ಅಪರಿಚಿತವಲ್ಲ. ಹಾಗೆ ಪ್ರಾಣವನ್ನರ್ಪಿಸಿದವರ ಸ್ಮಾರಕಶಿಲೆಗಳು ಇಂದಿಗೂ ಅಲ್ಲಲ್ಲಿ ಕಾಣಸಿಗುತ್ತವೆ. ಆದುದರಿಂದ ಸವಾಲು ಹಾಕಿದವರಿಗೆ ಅದು ಬರಿಯ ಹಾಸ್ಯವಾಗಿದ್ದರೂ, ಕೇಳಿದವರಿಗೆ ಹಾಗೆ ತೋರಿರಲಾರದು. ರಾಮಯ್ಯಗಳು ಶಿವನನ್ನು ನೆನೆದು ತಲೆಯನ್ನರಿದು ಶಿವನಡಿಗಳಲ್ಲಿಟ್ಟರು. ಏಳು ದಿನ ಕಳೆದವು. ಬಳಿಕ ಆ ತಲೆಯು ಗಾಯದ ಗುರುತೂ ಇಲ್ಲದೆ ಮೊದಲಿನಂತೆ ಕೂಡಿಕೊಂಡಿತೆಂದು ಶಾಸನವು ಹೇಳುತ್ತದೆ. ಇದನ್ನು ಅಕ್ಷರಶಃ ನಂಬುವವರೂ ಉಂಟು. ತಲೆಯೆಂದರೆ ಅಹಂಕಾರವೆಂದು ಅರ್ಥಮಾಡುವವರೂ ಉಂಟು.

ಜೈನರು ಮಾತಿಗೆ ತಪ್ಪಿದರು. ಬಿಂಬವನ್ನು ಮುಟ್ಟಬೇಡಿರೆಂದು ಬೇಡಿಕೊಂಡರು. ಸಂಕಗಾವುಂಡನು ಆಳುಕುದುರೆಗಳನ್ನು ನಿಲ್ಲಿಸಿದನು. ರಾಮಯ್ಯಗಳು ಎಲ್ಲರನ್ನೂ ಚದುರಿಸಿ ಜಿನಬಿಂಬವನ್ನು ಒಡೆದು ಲಿಂಗವನ್ನು ಸ್ಥಾಪಿಸಿದರು. ವೀರಸೋಮನಾಥನಿಗೆ ದೊಡ್ಡ ದೇಗುಲವನ್ನೆತ್ತಿಸಿದರು. ಕಥೆಯ ಈ ಭಾಗವನ್ನು ಓದುವಾಗ, ದಯೆಯನ್ನೇ ಧರ್ಮದ ಮೂಲವೆಂದು ಶರಣರಿಂದ ಕಲಿತವರ ಮನಸ್ಸು ಒಂದು ಕ್ಷಣ ತಡೆದು ನಿಲ್ಲುವುದು ಸಹಜ. ಶಾಸನವನ್ನು ಬರೆಯಿಸಿದವರು ಗೆದ್ದ ಪಕ್ಷದವರೆಂಬುದನ್ನೂ ಮರೆಯಲಾಗದು. ಅಹಿಂಸೆಯನ್ನೇ ಪರಮವ್ರತವಾಗಿ ಹಿಡಿದ ಜನರು ತಮ್ಮ ಒಂದು ಮಾತಿನಿಂದ ಒಬ್ಬನ ಕೊರಳಿಗೆ ಕತ್ತಿ ಬಿದ್ದುದನ್ನು ಕಂಡು ಏನೆಂದುಕೊಂಡರೆಂಬುದನ್ನು ಆ ಕಲ್ಲು ಹೇಳುವುದಿಲ್ಲ.

ಜೈನರು ಕಲಚುರಿ ಬಿಜ್ಜಳನಲ್ಲಿಗೆ ದೂರನ್ನೊಯ್ದರು. ಅರಸನು ಕುಪಿತನಾಗಿ ರಾಮಯ್ಯಗಳನ್ನು ಕರೆಯಿಸಿ, ಇಂಥ ಅನ್ಯಾಯವನ್ನೇಕೆ ಮಾಡಿದಿರೆಂದು ಕೇಳಿದನು. ಅವರು ಆ ಓಲೆಯನ್ನು ಮುಂದಿಟ್ಟರು. ಅಷ್ಟಕ್ಕೇ ನಿಲ್ಲದೆ, ತಮ್ಮೆದುರಿನಲ್ಲಿ ಮತ್ತೊಮ್ಮೆ ತಲೆಯನ್ನರಿದು ಪಡೆಯುವೆನು, ಹುಲಿಗೆರೆಯ ಆನೆಸೆಜ್ಜೆಯ ಬಸದಿ ಮೊದಲಾದ ತಮ್ಮ ಬಸದಿಗಳನ್ನು ಇವರು ಪಣವಾಗಿಡಲಿ ಎಂದರು. ಕಥೆಯ ತಿರುಳು ಇಲ್ಲಿದೆ. ಬಿಜ್ಜಳನು ಪವಾಡವನ್ನು ಕಣ್ಣಾರೆ ಕಂಡವನಲ್ಲ. ಅಬ್ಬಲೂರಿನ ಮಾತು ಅವನಿಗೆ ಕಿವಿಮಾತು ಮಾತ್ರ. ಅವನ ಕಣ್ಣೆದುರಿಗಿದ್ದುದು, ಎರಡನೆಯ ಸಲವೂ ಅಳುಕದೆ ತಲೆಯನ್ನೊಡ್ಡಿ ನಿಂತ ಒಬ್ಬ ಭಕ್ತ. ಹಾಗೂ ಕಳೆದುದಕ್ಕೆ ನ್ಯಾಯವನ್ನು ಬೇಡಬಂದೆವಲ್ಲದೆ ಇದ್ದುದನ್ನೂ ಪಣವಾಗಿಡಲು ಬಂದವರಲ್ಲವೆಂದ ಎದುರಾಳಿಗಳು. ಅವರ ಉತ್ತರವು ಅವಿವೇಕದ್ದಲ್ಲ. ಆದರೂ ಅರಸನು ನಕ್ಕು, ಇನ್ನು ಮುಂದೆ ನೆರೆಯವರೊಡನೆ ಸಮಾಧಾನದಿಂದ ಬಾಳಿರೆಂದು ಅವರನ್ನು ಕಳುಹಿಸಿ, ತುಂಬಿದ ಸಭೆಯಲ್ಲಿ ರಾಮಯ್ಯಗಳಿಗೆ ಜಯಪತ್ರವನ್ನಿತ್ತನು. ಬನವಾಸಿ ನಾಡಿನ ಸತ್ತಳಿಗೆ ಎಪ್ಪತ್ತರಲ್ಲಿಯ ಗೋಗಾವೆಯೆಂಬ ಊರನ್ನು ವೀರಸೋಮನಾಥನಿಗೆ ದತ್ತಿಯಾಗಿ ಬಿಟ್ಟನು. ಶರಣರಿಗೆ ವಿರೋಧಿಯೆಂದೇ ಪುರಾಣಗಳು ಚಿತ್ರಿಸಿದ ಬಿಜ್ಜಳನ ಈ ಇನ್ನೊಂದು ಮುಖವು ಹೆಚ್ಚು ಜನರಿಗೆ ತಿಳಿದಿಲ್ಲ.

ಬಿಜ್ಜಳನ ಆಳ್ವಿಕೆಯು 1167ರ ಸುಮಾರಿಗೆ ಮುಗಿಯಿತು. ಕಲ್ಯಾಣವು ಮತ್ತೆ ಚಾಲುಕ್ಯರ ಕೈಸೇರಿದ ಮೇಲೆ, ನಾಲ್ವಡಿ ಸೋಮೇಶ್ವರನು ದಂಡನಾಯಕ ಬ್ರಹ್ಮನೊಡನೆ ಬೀಡಿನಲ್ಲಿದ್ದಾಗ ಹಳೆಯ ಹೊಸ ಶಿವಭಕ್ತರ ಪ್ರಸ್ತಾಪ ಬಂದು, ರಾಮಯ್ಯಗಳ ವೃತ್ತಾಂತವನ್ನು ಕೇಳಿ ಅವರನ್ನು ಬರಮಾಡಿಕೊಂಡು ಅಬ್ಬಲೂರನ್ನೇ ದತ್ತಿ ಕೊಟ್ಟನು. ಹಾನಗಲ್ಲಿನ ಕದಂಬ ಕಾಮದೇವನು ತಾನೇ ಬಂದು ದೇಗುಲವನ್ನು ಕಂಡು, ಮುಂಡಗೋಡಿನ ಹತ್ತಿರದ ಮಲ್ಲವಳ್ಳಿಯನ್ನಿತ್ತನು. ಹೀಗೆ ಮೂರು ಅರಸುಮನೆಗಳ ಮನ್ನಣೆ ಅವರಿಗೆ ದೊರೆಯಿತು.

ಏಕಾಂತ ರಾಮಿತಂದೆಗಳ ಹೆಸರಿನಲ್ಲಿ ಉಳಿದಿರುವ ವಚನಗಳು ಬೆರಳೆಣಿಕೆಯವು. ಎನ್ನಯ್ಯ ಚೆನ್ನರಾಮ ಎಂಬುದು ಅವುಗಳ ಅಂಕಿತ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿಯೂ, 1369ರಲ್ಲಿ ಭೀಮಕವಿಯು ರಚಿಸಿದ ಕನ್ನಡ ಬಸವಪುರಾಣದಲ್ಲಿಯೂ ಅವರ ಕಥೆಯುಂಟು. ಆದರೆ ಆಧುನಿಕ ವಿದ್ವಾಂಸರ ನಡುವೆ ಅವರ ಹೆಸರೆದ್ದುದು ಬೇರೊಂದು ವಿಚಿತ್ರಕಾರಣದಿಂದ. 19ನೆಯ ಶತಮಾನದ ಕೊನೆಯಲ್ಲಿ ಜೆ. ಎಫ್. ಫ್ಲೀಟರು ಈ ಶಾಸನವನ್ನು ಪ್ರಕಟಿಸಿದಾಗ, ಬಸವಣ್ಣನವರನ್ನು ಹೆಸರಿಸುವ ಹಳೆಯ ಶಾಸನವಾವುದೂ ಬೆಳಕಿಗೆ ಬಂದಿರಲಿಲ್ಲ. ಆದುದರಿಂದ ಅಂದಿನ ಶೈವಜಾಗೃತಿಯ ಮುಂದಾಳು ರಾಮಯ್ಯಗಳೇ ಇರಬೇಕೆಂದು ಅವರು ವಾದಿಸಿದರು. ಏಕಾಂತವನ್ನು ಬಯಸಿದವರಿಗೆ ಏಳು ಶತಮಾನಗಳ ಮೇಲೆ, ತಾವು ಕೇಳದಿದ್ದ ಪಟ್ಟ! ಮುಂದೆ ಬೆಳಗಾವಿ ಜಿಲ್ಲೆಯ ಅರ್ಜುನವಾಡದಲ್ಲಿ ಸೇವುಣ ಕನ್ನರದೇವನ ಕಾಲದ 1260ರ ಶಾಸನವು ದೊರೆತು, ಅದರಲ್ಲಿ ಸಂಗನಬಸವನ ಹೆಸರು ಕಾಣಿಸಿದ ಬಳಿಕ ಆ ವಾದವು ಬಲಗುಂದಿತು.

ಅಬಲೂರಿನ ಸೋಮೇಶ್ವರ ದೇವಾಲಯದಲ್ಲಿ ಈ ಕಥೆಯ ಶಿಲ್ಪಗಳಿವೆ; ಅವುಗಳ ಬಳಿ ಇದು ಇಂಥ ಪ್ರಸಂಗವೆಂದು ತಿಳಿಸುವ ಪುಟ್ಟ ಬರಹಗಳೂ ಇವೆ. ರಾಮಯ್ಯಗಳು ಶಿವಧ್ಯಾನದಲ್ಲಿದ್ದ ಆ ಹಳೆಯ ಬ್ರಹ್ಮೇಶ್ವರನ ಗುಡಿಯನ್ನು ಊರಿನವರು ಬಸವೇಶ್ವರನ ಗುಡಿಯೆಂದು ಕರೆಯುತ್ತಾರೆ.